ಮುಡಿ ಕಟ್ಟಿದ ದಿನ ನಿಂತ ಆಟ



ವಿಕ್ಟೋರಿಯಾ ಕಾಲದ ಬಾಲ್ಯವೆಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಎರಡೇ ಚಿತ್ರ: ಗಂಜಿಗೆ ಬಟ್ಟಲೊಡ್ಡಿದ ಆಲಿವರ್ ಟ್ವಿಸ್ಟ್, ಇಲ್ಲವೇ ಮೊಲದ ಹಿಂದೆ ಬಿಲಕ್ಕಿಳಿದ ಆಲಿಸ್. ಒಂದರಲ್ಲಿ ಮರುಕ, ಇನ್ನೊಂದರಲ್ಲಿ ಮೋಜು. ಓದಿ ಮುಗಿಸಿದ ಮೇಲೆ "ಪಾಪ ಅವರು, ಪುಣ್ಯವಂತರು ನಾವು" ಎಂಬ ಪಾಠ ಉಳಿಯುತ್ತದೆ. ನಮಗೆ ಅದು ಸಾಲದು ಅನ್ನಿಸಿ, ಕ್ಯೋಟೋದ ನಮ್ಮ ಪುಟ್ಟ ಓದುಕೂಟದಲ್ಲಿ ಈ ಸಲ ಹಿಗುಚಿ ಇಚಿಯೋ ಅವರ 'ತಾಕೆಕುರಾಬೆ'ಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆವು. ಅದು ಬಂದದ್ದು 1895-96ರಲ್ಲಿ, ವಿಕ್ಟೋರಿಯಾ ರಾಣಿ ಇನ್ನೂ ಬದುಕಿದ್ದಾಗ. ಇಚಿಯೋ 1896ರಲ್ಲೇ, 24ರ ವಯಸ್ಸಿಗೆ ತೀರಿಕೊಂಡರು.

ಕತೆ ನಡೆಯುವುದು ಟೋಕಿಯೋದ ಯೋಶಿವಾರ ಎಂಬ ವೇಶ್ಯಾವಾಟಿಕೆಯ ಅಂಚಿನ ಕೇರಿಯಲ್ಲಿ. ಮಿದೋರಿ ಕೇರಿಯ ಮಕ್ಕಳಿಗೆಲ್ಲ ನಾಯಕಿ; ಅವಳ ಅಕ್ಕ ಒಳಗಿನ ಹೆಸರಾಂತ ವೇಶ್ಯೆ. ದೇಗುಲದ ಗುರುಗಳ ಮಗ ನೊಬುವಿನ ಪಾದರಕ್ಷೆಯ ಪಟ್ಟಿ ಮಳೆಯಲ್ಲಿ ಹರಿದಾಗ ಅವಳು ರೇಷ್ಮೆ ತುಂಡೊಂದನ್ನು ಎಸೆಯುತ್ತಾಳೆ, ಅವನು ಎತ್ತಿಕೊಳ್ಳುವುದಿಲ್ಲ. ಒಂದು ದಿನ ಅವಳಿಗೆ ದೊಡ್ಡವರಂತೆ ಮುಡಿ ಕಟ್ಟುತ್ತಾರೆ. ಆಟ ನಿಲ್ಲುತ್ತದೆ. ಏನಾಯಿತೆಂದು ಇಚಿಯೋ ಬಿಡಿಸಿ ಹೇಳುವುದಿಲ್ಲ.

ಆಲಿವರನ ಕಷ್ಟ ಮನೆತನ ಪತ್ತೆಯಾಗಿ ತೀರುತ್ತದೆ, ನಮ್ಮ ಕಸುಬಿನ ಭಾಷೆಯಲ್ಲಿ ಬಗ್ ಫಿಕ್ಸ್ ಆದಂತೆ. ಮಿದೋರಿಯದು ಹಾಗಲ್ಲ, ಅಲ್ಲಿ ಕೇರಿಯ ವ್ಯವಸ್ಥೆಯೇ ಹಾಗಿದೆ.

ನಮ್ಮ ಕ್ಯೋಟೋ ಶಾಲೆಗಳ ಬಗ್ಗೆ ಹೆಮ್ಮೆಪಡುವ ಊರು. 1869ರಲ್ಲೇ ಜನ ತಾವೇ ಹಣ ಹಾಕಿ 64 ಶಾಲೆ ತೆರೆದರು. ಮಕ್ಕಳಿರಲಿ ಬಿಡಲಿ, ಒಲೆಯಿದ್ದ ಮನೆಯೆಲ್ಲ 'ಒಲೆ ಹಣ' ಕೊಡಬೇಕಿತ್ತು. ಹಳೆಯ ಕೈಚಿ ಶಾಲೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗೆ ಇದನ್ನು ಹೇಳುವಾಗ ನಮಗೂ ಹೆಮ್ಮೆಯೇ. ಆದರೆ ಮಿದೋರಿಯೂ ಶಾಲೆಗೆ ಹೋಗುತ್ತಿದ್ದವಳೇ. ಶಾಲೆಯೊಂದೇ ಬಾಲ್ಯವನ್ನು ಕಾಯಲಿಲ್ಲ ಎಂಬುದನ್ನು ಈ ಕತೆ ಕಲಿಸುತ್ತದೆ.

"ಆಗ ನಮ್ಮೂರಲ್ಲಿ?" ಎಂದು ಮಗಳು ಕೇಳಿದಳು. 1894ರ ಮೈಸೂರು ಕಾಯಿದೆಯನ್ನು ಹೇಳಿದೆವು: ಎಂಟು ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ. ತುಂಬಿದರೆ ಮಾಡಬಹುದಿತ್ತು! ನಮ್ಮ ಮಗಳಿಗೀಗ ಒಂಬತ್ತು. ಅವಳು "ಪಾಪ" ಅನ್ನಲಿಲ್ಲ. "ನಿಮ್ಮಜ್ಜಿಯ ಅಜ್ಜಿ ಆಟ ಬಿಟ್ಟದ್ದು ಯಾವಾಗ?" ಎಂದಳು. ಊರಿಗೆ ಫೋನ್ ಮಾಡಿದೆವು. ಅಮ್ಮನಿಗೂ ಗೊತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಗೊತ್ತಿರುವವರು ಇದ್ದರೆ, ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.