ಹೆಗ್ರಾದ ಗೋರಿಗಳನ್ನು ನೆತ್ತಿಯಿಂದ ನೋಡಿ

ಬಂಡೆಯಲ್ಲಿ ಕೊರೆದ ಗೋರಿಯ ಮುಂದೆ ನಿಂತರೆ ಕಣ್ಣು ತಾನಾಗಿ ಬಾಗಿಲಿಗೆ ಹೋಗುತ್ತದೆ. ಹೆಗ್ರಾ, ಪೆಟ್ರಾಗಳಲ್ಲಿ ಬಾಳಿದ ಪ್ರಾಚೀನ ನಬಾತಿಯನ್ನರ ಗೋರಿಗಳ ಮಟ್ಟಿಗೆ ಆ ಅಭ್ಯಾಸ ಬಿಡಿ. ಒಳಗೆ ಸಾಮಾನ್ಯವಾಗಿ ಒಂದು ಬರಿಯ ಕೋಣೆ, ಶವವಿಡಲು ಗೋಡೆಯ ಗೂಡುಗಳು, ಅಷ್ಟೇ. ಕಸುಬೆಲ್ಲ ಇರುವುದು ಹೊರಮುಖದಲ್ಲಿ.

ತಲೆಯೆತ್ತಿ ನೆತ್ತಿ ನೋಡಿ. ಸಣ್ಣ ಮೆಟ್ಟಿಲುಗಳ ಒಂದೋ ಎರಡೋ ಸಾಲು ಕೆತ್ತಿದ್ದರೆ ಅದು ಸರಳ ಬಗೆ. ನಡುವಿನಿಂದ ಎರಡೂ ಮೂಲೆಗೆ ಏರುವ ದೊಡ್ಡ ಮೆಟ್ಟಿಲುಗಳಿದ್ದರೆ ಬೇರೆ ಬಗೆ. ಅದರ ಕೆಳಗೆ ಅಂಚುಪಟ್ಟಿ ಎರಡಾಗಿ, ಮೂಲೆಗಳಲ್ಲಿ ಅರೆಗಂಬ, ಅದಕ್ಕೆ ಕೊಂಬಿನಂತೆ ಚಾಚಿದ ಬೋಳು ಬೋದಿಗೆ ಬಂದರೆ ಅದನ್ನು 'ಹೆಗ್ರಾ ಬಗೆ' ಎನ್ನುತ್ತಾರೆ.

ಜೋರ್ಡಾನಿನ ಪೆಟ್ರಾದ ಗೋರಿಗಳನ್ನು ಬ್ರೂನೋವ್ ಮತ್ತು ಡೊಮಾಶೆವ್ಸ್ಕಿ ಎಂಬ ವಿದ್ವಾಂಸರು 1904ರಲ್ಲಿ ಹೀಗೆ ವಿಂಗಡಿಸಿದರು. ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಆದರೆ ಸರಳವಾದದ್ದು ಹಳೆಯದು, ಆಡಂಬರದ್ದು ಹೊಸದು ಎಂಬ ಅವರ ಲೆಕ್ಕ ನಿಲ್ಲಲಿಲ್ಲ. ಪೆಟ್ರಾದಲ್ಲಿ ಅದನ್ನು ಒರೆಗೆ ಹಚ್ಚುವುದೂ ಕಷ್ಟ: ತುರ್ಕಮಾನಿಯಾ ಗೋರಿಯ ಉದ್ದನೆಯ ಶಾಸನದಲ್ಲೂ ತೇದಿಯಿಲ್ಲ, ಒಡೆಯನ ಹೆಸರೂ ಇಲ್ಲ!

ಸೌದಿ ಅರೇಬಿಯಾದ ಹೆಗ್ರಾದಲ್ಲಿ ಹಾಗಲ್ಲ. ಅಲ್ಲಿ ಬಾಗಿಲ ಮೇಲಿನ ಶಾಸನವೇ ಆಸ್ತಿಪತ್ರ. ಕಮ್ಕಮ್ ಎಂಬ ಹೆಂಗಸು ಮಗಳೊಂದಿಗೆ ಮಾಡಿಸಿದ ಗೋರಿಯನ್ನು ನೋಡಿ: ತನಗೆ, ಮಗಳಿಗೆ, ಅವರ ಸಂತತಿಗೆ ಮಾತ್ರ ಇಲ್ಲಿ ಜಾಗ, ಮಾರಿದವರಿಗೆ, ಅಡವಿಟ್ಟವರಿಗೆ ದುಶರಾ ದೇವನ ಶಾಪ, ಮೇಲೆ ದಂಡ. ಕಾಲವೂ ಇದೆ, ನಬಾತಿಯನ್ನರ ಅರೇಟಸ್ ದೊರೆಯ 9ನೇ ವರ್ಷ, ಅಂದರೆ ಕ್ರಿಸ್ತಶಕದ ಹೊಸ್ತಿಲು. ಕೆತ್ತಿದ ಶಿಲ್ಪಿಯ ಹೆಸರೂ ಇದೆ. ನಮ್ಮ ಹಳೆಯ ದಾನಶಾಸನಗಳ ಶಾಪಾಶಯ ಓದಿದವರಿಗೆ ಈ ದನಿ ಪರಿಚಿತವೇ.

ಇಂಥ ತೇದಿಗಳನ್ನು ಸಾಲಾಗಿಟ್ಟರೆ ಸರಳ ಗೋರಿಯೂ ಭರ್ಜರಿ ಗೋರಿಯೂ ಒಂದೇ ಕಾಲದವು ಎಂದು ತಿಳಿಯುತ್ತದೆ, ಎಲ್ಲವೂ ಕ್ರಿ.ಶ. 75ರವರೆಗಿನ ಮುಕ್ಕಾಲು ಶತಮಾನದೊಳಗೆ. ವ್ಯತ್ಯಾಸ ತಂದದ್ದು ಕಾಲಕ್ಕಿಂತ ಹೆಚ್ಚಾಗಿ ಒಡೆಯನ ಅಂತಸ್ತು, ಹಣದ ಚೀಲ ಎಂದೇ ನನಗನಿಸುತ್ತದೆ.

ಹೆಗ್ರಾದ ಕಸ್ರ್ ಅಲ್-ಫರೀದ್ ಗೋರಿಯ ಬಳಿ ಮಾತ್ರ ಕೆಳಗೂ ನೋಡಿ. ಮೇಲ್ಭಾಗ ನುಣುಪು, ಬುಡದಲ್ಲಿ ಉಳಿಯ ಗೀರು ಹಾಗೇ ಇದೆ. ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು, ಅರ್ಧಕ್ಕೆ ನಿಂತಿತು.

ಎರಡೂ ಊರು ನೋಡುವ ಯೋಗವಿದ್ದರೆ ಮೊದಲು ಹೆಗ್ರಾಕ್ಕೆ ಹೋಗಿ, ಪೆಟ್ರಾ ಆಮೇಲೆ.