ಮಳೆಯ ಗಾದೆಗಳ ಅರ್ಥವಿಚಾರ: ಸಂಶಿಯ ಎರೆಭೂಮಿಯಿಂದ ಒಂದು ಸಮೀಕ್ಷೆ

ಗಾದೆಯು ವೇದಕ್ಕೆ ಸಮಾನವೆಂದು ಹೇಳುವ ರೂಢಿಯು ನಮ್ಮಲ್ಲಿ ಎಷ್ಟು ಬಲವಾದುದೆಂದರೆ, ಪಾಠಶಾಲೆಗಳಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯೆಂದಾಗ ಹುಡುಗರು ಮೊದಲು ಬರೆಯುವ ವಾಕ್ಯವು ಅದೇ ಆಗಿರುತ್ತದೆ. ಈಚಿನ ವರ್ಷಗಳಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಮಾತು ಕೇಳಿಬರುತ್ತಲಿದೆ. ಹವೆಯು ಕೆಟ್ಟಿತು, ಮಳೆಯು ತನ್ನ ಕಾಲವನ್ನು ಮರೆಯಿತು, ಆದುದರಿಂದ ಹಿರಿಯರು ಮಾಡಿದ ಮಳೆಯ ಗಾದೆಗಳೆಲ್ಲ ಸುಳ್ಳಾದವು ಎಂಬುದೇ ಆ ಮಾತು. ಈ ಎರಡು ಪಕ್ಷಗಳೂ ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ತೋರಿದರೂ ಇವುಗಳ ಮೂಲದಲ್ಲಿರುವ ತಪ್ಪು ಒಂದೇ. ಗಾದೆಯನ್ನು ಭವಿಷ್ಯವಾಣಿಯೆಂದು ಎರಡೂ ಪಕ್ಷದವರು ಎಣಿಸಿರುವರು. ಅದು ಭವಿಷ್ಯವಾಣಿಯಲ್ಲ, ಬೇರೊಂದು ಜಾತಿಯ ಉಕ್ತಿ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ವಿಚಾರಕ್ಕೆ ಒಂದು ನೆಲ ಬೇಕು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಸಂಶಿಯು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯ ಮೇಲಿನ ಊರು. ಸುತ್ತಲೂ ಎರೆಭೂಮಿ. ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುವ, ಮಳೆಗಾಲದಲ್ಲಿ ಬಂಡಿಯ ಗಾಲಿ ಹೂತುಹೋಗುವ ನೆಲವಿದು. ಇಲ್ಲಿ ಒಕ್ಕಲುತನವೆಲ್ಲ ಆಕಾಶದ ಮೇಲೆ ನಿಂತಿದೆ. ಮುಂಗಾರಿಗೆ ಹೆಸರು, ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ, ಕುಸುಬೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ನಿಲ್ಲುವನಷ್ಟೆ. ಪಂಚಾಂಗದವರು ಮಹಾನಕ್ಷತ್ರವೆಂದು ಕರೆಯುವ ಆ ಅವಧಿಯ ಹೆಸರನ್ನೇ ಒಕ್ಕಲಿಗನು ಆಗ ಬೀಳುವ ಮಳೆಗೆ ಇಡುತ್ತಾನೆ. ಮೇ ತಿಂಗಳ ೨೫ರ ಸುಮಾರಿಗೆ ರೋಹಿಣಿ, ಜೂನ್ ೮ರ ಸುಮಾರಿಗೆ ಮೃಗಶಿರ, ೨೨ರ ಸುಮಾರಿಗೆ ಆರಿದ್ರೆ, ಹೀಗೆಯೇ ಮುಂದೆ.

ನಮ್ಮ ಕಾವ್ಯಗಳಲ್ಲಿ ಮಳೆಗೆ ಕೊರತೆಯಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಋತುವರ್ಣನೆಯೂ ಒಂದಾದುದರಿಂದ ಕಾರ್ಮುಗಿಲು, ನವಿಲು, ಕದಂಬ, ಕೇದಗೆ, ವಿರಹಿಣಿಯರು ಕವಿಯ ಕೈಗೆ ಸಿದ್ಧವಾಗಿಯೇ ದೊರೆಯುವರು. ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡಿನ ಎಲ್ಲೆಗಳಲ್ಲಿ ಒಂದಾಗಿ ಹೆಸರಿಸಿದ ಪುಲಿಗೆರೆಯು, ಎಂದರೆ ಇಂದಿನ ಲಕ್ಷ್ಮೇಶ್ವರವು, ಸಂಶಿಗೆ ದೂರವಲ್ಲ. ಪಂಪನೂ ತನ್ನ ನುಡಿಯು ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡಿರುವನು. ಆದರೆ ಅವನ ಮನಸ್ಸು ನೆನೆದುದು ಬನವಾಸಿಯನ್ನು. ಕನ್ನಡ ಕಾವ್ಯವು ನುಡಿಯನ್ನು ಬಯಲುಸೀಮೆಯಿಂದಲೂ ಮಳೆಯನ್ನು ಮಲೆನಾಡಿನಿಂದಲೂ ತಂದುಕೊಂಡಿತೆಂದು ಹೇಳಿದರೆ ಅದು ಪೂರ್ಣವಾಗಿ ಅನ್ಯಾಯದ ಮಾತಾಗಲಾರದು. ಬರವು ಕಾವ್ಯದಲ್ಲಿ ಇಲ್ಲವೇ ಎಂದರೆ ಇದೆ. ಕಥೆಯ ಕಾರಣವಾಗಿ ಇದೆ. ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆಯಲ್ಲಿ ಹನ್ನೆರಡು ವರ್ಷದ ಕ್ಷಾಮವು ಬರುವುದು. ನಿಮಿತ್ತವನ್ನು ಬಲ್ಲ ಭದ್ರಬಾಹು ಅದನ್ನು ಮುಂಚೆಯೇ ಅರಿತನೆಂಬ ಸಂಗತಿಯು ಕ್ರಿ. ಶ. ೬೦೦ರ ಸುಮಾರಿನ ಶ್ರವಣಬೆಳ್ಗೊಳದ ಶಾಸನದಲ್ಲಿಯೂ ಇದೆ. ಆ ಕ್ಷಾಮದ ಫಲವೇನು? ಸಂಘವು ನಾಡನ್ನು ಬಿಟ್ಟು ತೆಂಕಣಕ್ಕೆ ನಡೆಯಿತು. ಹೊರಟುಹೋಗಬಲ್ಲವರ ಸಾಹಿತ್ಯದಲ್ಲಿ ಬರವು ಹೀಗೆ ಬರುತ್ತದೆ. ಹೊಲವನ್ನು ಹೆಗಲ ಮೇಲೆ ಹೊತ್ತು ಹೋಗಲಾರದವನ ಸಾಹಿತ್ಯವನ್ನು ನಾವು ಗಾದೆಯಲ್ಲಿಯೇ ಹುಡುಕಬೇಕು.

ಜನಪದದಲ್ಲಿ ಭವಿಷ್ಯವಾಣಿಗೆ ಪ್ರತ್ಯೇಕವಾದ ಸ್ಥಾನವಿರುವುದನ್ನು ವಿಮರ್ಶಕರು ಗಮನಿಸಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವು ಭವಿಷ್ಯವಾಣಿ. ಅದನ್ನು ದೈವವೇ ನುಡಿಯಿತೆಂದು ನಂಬುವರು. ಅದು ವರ್ಷಕ್ಕೊಮ್ಮೆ ಹೊಸದಾಗಿ ಹುಟ್ಟುತ್ತದೆ. ಅದರ ಅರ್ಥವನ್ನು ಕೇಳಿದವರು ತಮ್ಮ ತಮ್ಮಲ್ಲಿ ಕೂಡಿಸಿಕೊಳ್ಳುತ್ತಾರೆ. ಗಾದೆಯನ್ನು ನುಡಿಯುವವನು ಒಕ್ಕಲಿಗನೇ. ಅದು ಪ್ರತಿ ವರ್ಷವೂ ಅದೇ. ಮಳೆ ಬರುವುದೆಂದು ಅದು ಎಲ್ಲಿಯೂ ಹೇಳುವುದಿಲ್ಲ. “ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ” ಎಂಬಲ್ಲಿ ತಿರುಳಿರುವುದು ‘ಬಂದರೆ’ ಎಂಬ ಪಕ್ಷಾರ್ಥದಲ್ಲಿ. ಬಾರದಿದ್ದರೆ ಗಾದೆಯು ಸುಳ್ಳಾಗದು; ಸುಮ್ಮನಿರುತ್ತದೆ. ಕಾರಣಿಕದವನ ಮಾತು ತಪ್ಪಬಹುದು, ಗಾದೆಯವನ ಮಾತು ಆ ರೀತಿಯಲ್ಲಿ ತಪ್ಪಲಾರದು. ಇಷ್ಟು ಸ್ಪಷ್ಟವಾದ ವ್ಯಾಕರಣವಿಷಯವನ್ನು ನಮ್ಮ ವ್ಯಾಖ್ಯಾನಕಾರರು ದಾಟಿಹೋದುದು ಆಶ್ಚರ್ಯ.

ಹಾಗಾದರೆ ಗಾದೆಯ ಎರಡನೆಯ ಭಾಗವು ಎಷ್ಟು ನಂಬತಕ್ಕದ್ದು? ಭರಣಿಗೆ ಧರಣಿ ಪ್ರಾಸವಾಗಿ ಬಂದಿತು. ಪ್ರಾಸಕ್ಕಾಗಿಯೇ ಬೆಳೆ ಬಂದಿತೇ ಎಂದು ಸಂಶಯಪಡುವುದು ಯುಕ್ತವೇ. ಈ ಗಾದೆಯ ಮಟ್ಟಿಗೆ ನೆಲವೇ ಸಾಕ್ಷಿಯಾಗಿದೆ. ಏಪ್ರಿಲ್ ಕೊನೆಗೆ ಬೀಳುವ ಮಳೆಯು ಎರೆಯ ಬಿರುಕುಗಳೊಳಗೆ ಇಳಿದು ಕುಂಟೆ ಹೊಡೆಯಲು ಹದ ಮಾಡಿಕೊಡುತ್ತದೆ. ಅದು ಬಿತ್ತಿಗೆಯ ಮಳೆಯಲ್ಲ, ಹೊಲ ಹಸನಾಗುವ ಮಳೆ. “ಅಶ್ವಿನಿ ಸಸ್ಯನಾಶಿನಿ” ಎಂಬುದಕ್ಕೆ ಇಂಥ ಸಾಕ್ಷಿಯು ಸಂಶಿಯಲ್ಲಿ ದೊರೆಯದು. ಏಪ್ರಿಲ್ ನಡುವೆ ಇಲ್ಲಿ ಹಿಂಗಾರಿ ಪೈರು ಕಣವನ್ನೂ ದಾಟಿ ಮನೆ ಸೇರಿರುತ್ತದೆ, ಹತ್ತಿ ಬಿಡಿಸಿ ಮುಗಿದಿರುತ್ತದೆ. ನಾಶವಾಗತಕ್ಕ ಸಸ್ಯವೇ ಹೊಲದಲ್ಲಿಲ್ಲ. ಸಂಸ್ಕೃತದ ಸಮಾಸವನ್ನು ತೊಟ್ಟುಕೊಂಡ ಈ ಮಾತು ಪಂಚಾಂಗದ ಜಗಲಿಯಿಂದ ಇಳಿದು ಬಂದುದಾಗಿ ನಮಗೆ ತೋರುತ್ತದೆ. ಅದಕ್ಕೆ ಊರಿಲ್ಲ. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ಅಕಾರಾದಿಯಾಗಿ ಅಚ್ಚುಹಾಕಿದರೆ ಭೇದವು ಮರೆಯಾಗುತ್ತದೆ.

ಹೆಚ್ಚು ಚರ್ಚೆಗೆ ಯೋಗ್ಯವಾದುದು ಮಘೆಯ ಗಾದೆ: “ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು.” ಇಲ್ಲಿ ಪಕ್ಷಾರ್ಥವೂ ಇಲ್ಲ, ಮಿತಿಯೂ ಇಲ್ಲ, ಆಗಸ್ಟ್ ೧೭ರಿಂದ ತಿಂಗಳ ಕೊನೆಯ ವರೆಗೆ ಎಷ್ಟು ಸುರಿದರೂ ಒಳ್ಳೆಯದೆಂದೇ ಅರ್ಥವಾಗುವಂತಿದೆ. ಸಂಶಿಯಲ್ಲಿ ಆಗ ಹೆಸರಿನ ಕಾಯಿ ಮಾಗಿರುತ್ತದೆ. ಮೇಲಿಂದ ಮೇಲೆ ಮಳೆಯಾದರೆ ಕಾಳು ಕಾಯಿಯಲ್ಲಿಯೇ ಮೊಳೆಯುವುದು. ಈ ಗಾದೆಯನ್ನು ಲೇಖಕನು ಅಲ್ಲಿಯ ಹಿರಿಯ ಒಕ್ಕಲಿಗರೊಬ್ಬರ ಮುಂದೆ ಹೇಳಿದಾಗ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. “ಯಾವ ಹೊಲಕ್ಕರೀ? ಎರಿಗೋ, ಮಸಾರಿಗೋ? ಹೊಲದಾಗ ಏನೈತಿ ಅನ್ನೂದು ಹೇಳದ ಮಳಿ ಚಲೋ ಅಂತ ಹೆಂಗ ಹೇಳೂದು?” ಎಂದು ಕೇಳಿದರು. ಗಾದೆಯ ಮೇಲೆ ಇದಕ್ಕಿಂತ ಉತ್ತಮವಾದ ಟೀಕೆಯನ್ನು ನಾವು ಎಲ್ಲಿಯೂ ಓದಿಲ್ಲ.

ಆದರೂ ಗಾದೆಯ ಪಕ್ಷದಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ಅದರ ಮಿತಿಯು ಉಪಮೆಯೊಳಗೆ ಅಡಗಿದೆ. ಮಗನು ಉಂಡಷ್ಟು ಒಳ್ಳೆಯದೆಂದು ಹೇಳುವ ತಾಯಿಯು ಅವನ ಹೊಟ್ಟೆಯ ಅಳತೆಯನ್ನು ಬಲ್ಲಳು. ಮಗನೆಂದರೂ ನೆರೆಮನೆಯವನಲ್ಲ, ಮನೆಯ ಮಗ. ಉಣ್ಣುವುದು ತುತ್ತುತುತ್ತಾಗಿ. ನೆಲವು ಕುಡಿಯುವಷ್ಟು ದಿನವೂ ಬೀಳುವ, ನೆಲಕ್ಕೆ ಒಗ್ಗಿದ ಮಳೆಯೇ ಗಾದೆಯ ಮಳೆ. ೨೦೧೯ರ ಆಗಸ್ಟ್ ಮೊದಲ ಭಾಗದಲ್ಲಿ, ಮಘೆಗಿಂತ ಮುಂಚೆ ಆಶ್ಲೇಷೆಯಲ್ಲಿಯೇ, ಬೆಣ್ಣಿಹಳ್ಳವೂ ತುಪರಿಹಳ್ಳವೂ ಉಕ್ಕಿ ಈ ಜಿಲ್ಲೆಯ ಹೊಲಗಳನ್ನು ಮುಳುಗಿಸಿದುವು. ಬೆಣ್ಣಿಹಳ್ಳವು ಶಿಗ್ಗಾಂವಿಯ ಕಡೆಯಿಂದ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳಲ್ಲಿ ಹಾಯ್ದು ಮಲಪ್ರಭೆಯನ್ನು ಸೇರುವ ಹಳ್ಳ. ಬೇಸಗೆಯಲ್ಲಿ ದನಗಳು ದಾಟುವ ಹರವು, ಮಳೆ ಬಂದಾಗ ಊರಿನ ದಾರಿಯನ್ನೇ ಕಡಿಯುತ್ತದೆ. ನಾಲ್ಕು ವರ್ಷಗಳ ತರುವಾಯ, ೨೦೨೩ರ ಆಗಸ್ಟ್ ತಿಂಗಳು ಭಾರತದಲ್ಲಿ ೧೯೦೧ರಿಂದ ಈಚೆಗೆ ಎಲ್ಲಕ್ಕಿಂತ ಒಣಗಿದ ಆಗಸ್ಟ್ ಆಯಿತು; ಆ ವರ್ಷ ಕರ್ನಾಟಕದ ೨೩೬ ತಾಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರಕಾರವು ಸಾರಿತು. ಅಂದು ಮನೆಯ ಮಗನು ಊಟಕ್ಕೆ ಬರಲೇ ಇಲ್ಲ.

ಇನ್ನು ಗಾದೆಗಳ ಪ್ರಾಚೀನತೆಯ ಪ್ರಶ್ನೆ. ಇವು ಅನಾದಿಯೆಂದು ಹೇಳುವವರಿಗೆ ಜ್ಯೋತಿಷದಲ್ಲಿಯೇ ಉತ್ತರವಿದೆ. ಅಯನಚಲನದಿಂದ ನಕ್ಷತ್ರಗಳ ಪ್ರವೇಶವು ಋತುಗಳ ಲೆಕ್ಕದಲ್ಲಿ ಎಪ್ಪತ್ತೊಂದು ಎಪ್ಪತ್ತೆರಡು ವರ್ಷಗಳಿಗೆ ಒಂದು ದಿನದಷ್ಟು ಹಿಂದಕ್ಕೆ ಬೀಳುತ್ತ ಹೋಗುವುದು. ದಕ್ಷಿಣಾಯನವು ಒಮ್ಮೆ ಆಶ್ಲೇಷೆಯ ನಡುವೆ ಆಗುತ್ತಿದ್ದು ತನ್ನ ಕಾಲಕ್ಕೆ ಕರ್ಕಾಟಕದ ಮೊದಲಿಗೆ ಬಂದಿದೆಯೆಂದು ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಬರೆದಿರುವನು; ಇಂದು ಅದು ಆರಿದ್ರೆಯ ಮೊದಲಿಗೆ ಸರಿದಿದೆ. ಪಂಪನು ತನ್ನ ಕಾವ್ಯಗಳನ್ನು ಮುಗಿಸಿದ ೯೪೧ಕ್ಕೂ ಇಂದಿಗೂ ಹೆಚ್ಚು ಕಡಿಮೆ ಒಂದು ಪೂರ್ಣ ನಕ್ಷತ್ರದ ಅಂತರವಾಗುತ್ತದೆ. ಇಂದು ನಾವು ಮೃಗಶಿರದ ಮಳೆಯೆನ್ನುವುದನ್ನು ಅಂದಿನ ಪುಲಿಗೆರೆಯ ಒಕ್ಕಲಿಗನು ಆರಿದ್ರೆಯ ಮಳೆಯೆನ್ನುತ್ತಿದ್ದನು. ಮುಂಗಾರು ವರ್ಷದಿಂದ ವರ್ಷಕ್ಕೆ ವಾರಗಟ್ಟಳೆ ಹಿಂದುಮುಂದಾಗುವುದರಿಂದ ಗಾದೆಯ ಕಾಲನಿರ್ಣಯಕ್ಕೆ ಇದನ್ನು ಪ್ರಮಾಣವಾಗಿ ಹಿಡಿಯಲಾಗದು. ಆದರೆ ಇಂದಿನ ನಕ್ಷತ್ರಕ್ಕೆ ಹೊಂದುವ ಗಾದೆಯು ಸಾವಿರ ವರ್ಷ ಅಕ್ಷರವೂ ಬದಲಾಗದೆ ಬಂದಿತೆಂಬ ವಾದವು ನಿಲ್ಲುವುದಿಲ್ಲ. ಒಂದೋ ಅದು ಈಚಿನದು, ಇಲ್ಲವೆ ಬಾಯಿಂದ ಬಾಯಿಗೆ ಬರುವಾಗ ಅದನ್ನು ತಿದ್ದಿಕೊಂಡಿರಬೇಕು.

ಹಾಗಾದರೆ ಈಗಲೂ ತಿದ್ದಿಕೊಂಡಾರು ಎಂದು ಸಮಾಧಾನಪಡಬಹುದೇ? ಲೇಖಕನಿಗೆ ಅಷ್ಟು ಧೈರ್ಯವಿಲ್ಲ. ಅಯನಚಲನವು ಮಳೆಯ ಹೆಸರನ್ನು ಬದಲಿಸಿತೇ ಹೊರತು ಅದು ಬೀಳುವ ರೀತಿಯನ್ನು ಬದಲಿಸಲಿಲ್ಲ. ಗಾಳಿಯು ಒಂದು ಅಂಶ ಸೆಲ್ಸಿಯಸ್‌ನಷ್ಟು ಬೆಚ್ಚಗಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು. ಹಿಡಿದುದನ್ನು ಒಮ್ಮೆಲೇ ಬಿಡಬಲ್ಲದು. ೨೦೦೯ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲಿನ ವರೆಗೆ, ಹಸ್ತಾ ಮಳೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಬಂದ ನೆರೆಗೆ ರಾಜ್ಯದಲ್ಲಿ ಇನ್ನೂರಕ್ಕಿಂತ ಹೆಚ್ಚು ಜನರು ಬಲಿಯಾದರು. ಹಸ್ತಾ ಎಂದರೆ ಹಿಂಗಾರಿ ಬಿತ್ತಿಗೆಯ ಹಸಿಯನ್ನು ಕೊಡತಕ್ಕ ಮಳೆ. ಅದು ತನ್ನ ನಕ್ಷತ್ರದಲ್ಲಿಯೇ ಬಂದಿತು, ಕಾಲವನ್ನು ತಪ್ಪಲಿಲ್ಲ. ನಮ್ಮ ಗಾದೆಗಳು ಮಳೆ ಎಂದು ಬಂದಿತೆಂಬುದನ್ನು ಎಣಿಸುತ್ತವೆ, ಎಷ್ಟು ಹೊತ್ತಿನಲ್ಲಿ ಎಷ್ಟು ಬಂದಿತೆಂಬುದನ್ನು ಎಣಿಸುವುದಿಲ್ಲ. ಮಘೆಯ ಗಾದೆಯೂ ಅದನ್ನು ಉಪಮೆಯ ಮರೆಯಲ್ಲಿಟ್ಟಿದೆ.

ಆದುದರಿಂದ ಗಾದೆಗಳನ್ನು ಸಂಗ್ರಹಿಸುವವರು ಮಾತಿನೊಡನೆ ಊರನ್ನೂ ನೆಲವನ್ನೂ ಆ ಹೊಲದ ಬೆಳೆಯನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಕಿಟ್ಟೆಲರು ೧೮೯೪ರ ನಿಘಂಟಿನಲ್ಲಿ ಗಾದೆಗಳನ್ನು ಉದಾಹರಿಸಿದುದು ಪದಗಳ ಪ್ರಯೋಗವನ್ನು ತೋರಿಸಲಿಕ್ಕೆ. ಅಷ್ಟಕ್ಕೆ ಅದು ಸಾಕಾಗಿತ್ತು. ನಮಗೆ ಸಾಕಾಗದು. “ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ” ಎಂಬ ಮಾತನ್ನು ನೋಡಿರಿ. ಜೋಳವು ಹೊಲವನ್ನೂ ಹಗೇವನ್ನೂ ತುಂಬಿ ಓಣಿಗೆ ಚೆಲ್ಲುವ ಈ ಚಿತ್ರವು ರೋಹಿಣಿಯ ಹದಕ್ಕೆ ಮುಂಗಾರಿ ಜೋಳವನ್ನು ಬಿತ್ತುವವರದು. ಸಂಶಿಯಲ್ಲಿ ಈಗ ಆ ಹದಕ್ಕೆ ಕೂರಿಗೆಯಿಂದ ಬೀಳುವುದು ಹೆಚ್ಚಾಗಿ ಹೆಸರು. ಜೋಳವು ಹಿಂಗಾರಿಗೆ ಸರಿದಿದೆ, ಹಗೇವುಗಳು ಮುಚ್ಚಿಹೋಗಿವೆ. ಗಾದೆಯನ್ನು ಮಾತ್ರ ಶಾಲೆಯ ಹುಡುಗರು ಇದ್ದ ಹಾಗೆಯೇ ಹೇಳುತ್ತಾರೆ, ಓಣಿಯಲ್ಲಿ ನಿಂತು.