ಉತ್ತರ ಕೊಡದ ಪತ್ತೇದಾರಿ

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತಿದರೆ ಮೂಡಿಗೆರೆ ಸೀಮೆ. ಪೂರ್ಣಚಂದ್ರ ತೇಜಸ್ವಿ ಬದುಕಿ, ಬರೆದ ನೆಲ. ಅವರ ‘ಚಿದಂಬರ ರಹಸ್ಯ’ (1985) ನಡೆಯುವ ಕೆಸರೂರೂ ಅಂಥದೇ ಮಲೆನಾಡಿನ ಊರು.

ಏಲಕ್ಕಿ ಬೆಳೆ ಕುಸಿದಿದೆ, ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಅನುಮಾನ ಹುತ್ತಗಟ್ಟಿದೆ. ತನಿಖೆಗೆ ಬಂದ ಅಂಗಾಡಿ ಎಳೆ ಹಿಡಿದು ಹೊರಟರೆ ಸಿಗುವುದು ಊರಿನ ಜಾತಿ ಜಗಳ, ಕೋಮು ಸಂಶಯ, ಮೂಢನಂಬಿಕೆ. ಕಡೆಗೆ ಕಾಡಿನ ಬೆಂಕಿ ಎಲ್ಲವನ್ನೂ ಸುತ್ತುತ್ತದೆ.

ಓದುಗರು ಇಬ್ಭಾಗವಾಗುವುದು ಇಲ್ಲೇ. ಕೊಲೆಗಾರ ಯಾರೆಂದು ಪುಟ ತಿರುಗಿಸಿದವರಿಗೆ ಮುಕ್ತಾಯ ಕೈಕೊಟ್ಟಂತೆ. ಉಳಿದವರಿಗೆ ಇಡೀ ಊರೇ ಆರೋಪಿ.

ನಗಿಸುತ್ತಲೇ ದಿಗಿಲು ಹುಟ್ಟಿಸುವ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿಯ ಚೌಕಟ್ಟಿನಲ್ಲಿ ಸಮಾಜವನ್ನೇ ಕಟಕಟೆಗೆ ತಂದ ಇಂಥ ಕೃತಿ ಕನ್ನಡದಲ್ಲಿ ವಿರಳ.